ಕೋಳಿ ಎಷ್ಟು ತರೋಣ?

ನೆಂಟರು ಬರುವ ಸುದ್ದಿ ಬಂದ ಮೇಲೆ ಮನೆಯಲ್ಲಿ ಏಳುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಸುಲಭ. ಹಾಸಿಗೆ ಸಾಲದಿದ್ದರೆ ಪಕ್ಕದ ಮನೆಯಿಂದ ತರಬಹುದು. ಅನ್ನ ಕಡಿಮೆ ಬೀಳುವಂತಿದ್ದರೆ ಇನ್ನೊಂದು ಪಾವು ಅಕ್ಕಿ ಇಟ್ಟರಾಯಿತು. ರಾಗಿಹಿಟ್ಟು ಡಬ್ಬದಲ್ಲಿ ಇದ್ದೇ ಇರುತ್ತದೆ. ಈರುಳ್ಳಿ, ನಿಂಬೆಹಣ್ಣು, ಮೊಸರು ಕೊನೇ ಗಳಿಗೆಯಲ್ಲೂ ಬೀದಿ ತುದಿಯ ಅಂಗಡಿಯಲ್ಲಿ ಸಿಗುತ್ತವೆ. ಕೋಳಿ ಮಾತ್ರ ಹಾಗೆ ಒದಗುವುದಿಲ್ಲ. ಅದನ್ನು ಬೆಳಿಗ್ಗೆಯೇ ತರಬೇಕು, ತರುವ ಮೊದಲೇ ಲೆಕ್ಕ ಹಾಕಬೇಕು. ಒಮ್ಮೆ ಎಸರು ಕುದಿಯತೊಡಗಿದ ಮೇಲೆ ಲೆಕ್ಕ ತಿದ್ದಲು ಬರುವುದಿಲ್ಲ. ಸಾರಿಗೆ ನೀರು ಬೆರೆಸಬಹುದು, ತುಂಡಿಗೆ ಏನನ್ನು ಬೆರೆಸುವುದು?

ಕುರಿ ಮೇಕೆಯ ಮಾಂಸವಾದರೆ ಕಾಲು ಕೆಜಿ, ಮುಕ್ಕಾಲು ಕೆಜಿ ಎಂದು ಬೇಕಾದಷ್ಟು ಕೊಯ್ಸಿಕೊಂಡು ಬರಬಹುದು. ನಾಟಿ ಕೋಳಿ ಇಡಿಯಾಗಿಯೇ ಬರುತ್ತದೆ. ಎರಡು ತಂದರೆ ಸಾಲದು, ಮೂರು ತಂದರೆ ಮಿಗುತ್ತದೆ ಎನ್ನುವಂಥ ಸಂಖ್ಯೆಯ ಜನ ಬರುತ್ತಿದ್ದರೆ ನಡುವಿನದೊಂದನ್ನು ಆರಿಸಲು ದಾರಿಯಿಲ್ಲ. ಒಂದು ಹಕ್ಕಿಗೆ ಎರಡೇ ಕಾಲು, ಎರಡೇ ರೆಕ್ಕೆ, ಒಂದೇ ಕತ್ತು. ಮನೆಗೆ ಬರುವವರಲ್ಲಿ ಕಾಲಿನ ತುಂಡನ್ನೇ ನೋಡುತ್ತ ಕೂರುವ ಮಕ್ಕಳು ಎಷ್ಟು ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ಕೋಳಿ ತರುವ ಕೆಲಸ ಮೇಲುನೋಟಕ್ಕೆ ಕಾಣುವಷ್ಟು ಹಗುರವಲ್ಲ. ಈ ಲೆಕ್ಕವನ್ನು ಎಲ್ಲಿಂದ ಶುರುಮಾಡಬೇಕು ಎಂಬ ಬಗ್ಗೆ ನನಗೊಂದು ಖಚಿತ ಅಭಿಪ್ರಾಯವಿದೆ. ಅದಕ್ಕೆ ಬರುವ ಮುನ್ನ ಲೆಕ್ಕದ ದಾರಿಯನ್ನೇ ಒಮ್ಮೆ ನಡೆದು ನೋಡಬೇಕು.

ನಾನು ಬೆಳೆದದ್ದು ಮಂಡ್ಯದ ಕಡೆಯ ಹಳ್ಳಿಯಲ್ಲಿ. ಅಲ್ಲಿ ಕೋಳಿಯನ್ನು ಕೊಳ್ಳುವ ಮಾತೇ ಕಡಿಮೆ. ಹಿತ್ತಲಲ್ಲಿ ಕೆದಕಿಕೊಂಡು ತಿರುಗುವವುಗಳಲ್ಲಿ ಯಾವುದನ್ನು ಹಿಡಿಯುವುದು ಎಂಬುದೇ ಪ್ರಶ್ನೆ. ಆ ತೀರ್ಮಾನ ಅವ್ವನದು. ಹಸು ಎತ್ತು ಗಂಡಸರ ಲೆಕ್ಕದವಾದರೆ ಕೋಳಿ ಹೆಂಗಸರ ಸ್ವತ್ತು. ಮೊಟ್ಟೆ ಮಾರಿದ ಕಾಸು ಅವ್ವನ ಸೆರಗಿನ ಗಂಟಿಗೆ ಸೇರುತ್ತಿತ್ತು. ನಮ್ಮ ಪೆನ್ಸಿಲ್ಲು, ರಿಬ್ಬನ್ನು, ಜಾತ್ರೆಯ ಬಳೆ ಎಲ್ಲವೂ ಆ ಗಂಟಿನಿಂದಲೇ ಹೊರಬರುತ್ತಿದ್ದವು. ಹಿತ್ತಲಲ್ಲಿ ಬೆಳೆದ ನಾಟಿ ಹ್ಯಾಟೆ ವರ್ಷಕ್ಕೆ ಇಡುವುದೇ ಸುಮಾರು 50ರಿಂದ 80 ಮೊಟ್ಟೆ. ಆದ್ದರಿಂದ ಮೊಟ್ಟೆಯಿಡುವ ಹ್ಯಾಟೆಯನ್ನು ಸಾರಿಗೆ ಹಾಕುವುದೆಂದರೆ ಮುಂದಿನ ಹಲವು ತಿಂಗಳ ಕಾಸನ್ನೂ ಅದರೊಂದಿಗೆ ಕುದಿಸಿದಂತೆ. ಕಾವಿಗೆ ಕೂತದ್ದನ್ನಂತೂ ಯಾರೂ ಮುಟ್ಟುತ್ತಿರಲಿಲ್ಲ. ಸೋದರಮಾವ ಬಂದ ದಿನ ಅಪ್ಪ "ನಿನ್ ತಮ್ಮ ಬಂದವ್ನೆ, ಒಂದ್ ಕೋಳಿ ಕುಯ್ಯನಾ" ಎಂದರೆ ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ನಮಗೆ ಹೇಳುತ್ತಿದ್ದಳು: "ಆ ಕೆಂಪು ಹುಂಜ ಹಿಡ್ಕೊ ಬನ್ರೋ. ಕರೀ ಹ್ಯಾಟೆ ತಂಟೆಗೋಗ್ಬ್ಯಾಡಿ, ಮೊಟ್ಟೆ ಇಕ್ತಾ ಅದೆ."

ಹುಂಜಗಳು ಹೆಚ್ಚಿದ್ದರೂ ಹಿತ್ತಲಿಗೆ ಒಂದೋ ಎರಡೋ ಸಾಕು. ಮಿಕ್ಕವು ನೆಂಟರಿಗೆಂದೇ ಬೆಳೆಯುತ್ತಿದ್ದವು. ನೆಂಟರು ನಾಳೆ ಬರುತ್ತಾರೆ ಎಂದು ಗೊತ್ತಿದ್ದರೆ ಹಿಂದಿನ ರಾತ್ರಿ ಗೂಡು ಸೇರಿದ ಮೇಲೆ ಸದ್ದಿಲ್ಲದೆ ಹಿಡಿದು ಮಕ್ಕರಿಯಡಿ ಮುಚ್ಚಿ ಮೇಲೊಂದು ಕಲ್ಲು ಹೇರುವುದು ವಾಡಿಕೆ. ಬೆಳಕು ಹರಿದ ಮೇಲೆ ಹುಂಜವನ್ನು ಅಟ್ಟಿಸಿಕೊಂಡು ಹೋದರೆ ಬೇಲಿ, ಬಣವೆ, ಪಕ್ಕದವರ ಸೂರು ಎಲ್ಲ ದಾಟಿಸಿ ದಣಿಸುತ್ತದೆ.

ಎಷ್ಟು ಕೋಳಿ ಎಂಬುದನ್ನು ಅವ್ವ ಅಳೆಯುತ್ತಿದ್ದದ್ದು ಮುದ್ದೆಯಲ್ಲಿ. ಒಂದು ಕೋಳಿಗೆ ಎಂಟು ಮುದ್ದೆ. ಎಂಟು ಜನ ಉಣ್ಣುವಷ್ಟು ಎಸರು, ಒಬ್ಬೊಬ್ಬರಿಗೆ ಮೂರು ನಾಲ್ಕು ಸಣ್ಣ ತುಂಡು. ಅದರ ಮೇಲೆ ಒಂದು ಮುದ್ದೆ ಬಿದ್ದರೆ ಒಂದು ಹಿಡಿ ಹೆಚ್ಚು ಕಾಯಿ, ಅರ್ಧ ಚೆಂಬು ನೀರು. ಹದಿನಾರು ಮುದ್ದೆ ಬೀಳುವ ಹಾಗಿದ್ದರೆ ಎರಡನೇ ಕೋಳಿ. ಈ ಅಳತೆಯ ಹಿಂದೆ ಒಂದು ತಿಳಿವಳಿಕೆಯಿದೆ. ಮುದ್ದೆಯೂಟದಲ್ಲಿ ಹೊಟ್ಟೆ ತುಂಬಿಸುವುದು ರಾಗಿ, ಅದನ್ನು ಗಂಟಲಲ್ಲಿ ಇಳಿಸುವುದು ಎಸರು. ನಾಟಿ ಕೋಳಿಯ ಮೂಳೆ, ಚರ್ಮ, ಕೊಬ್ಬು ಎಲ್ಲವೂ ಒಂದು ಗಂಟೆಗೂ ಮಿಗಿಲಾಗಿ ಬೆಂದು ಆ ಎಸರಿಗೆ ಇಳಿದಿರುತ್ತವೆ. ತುಂಡು ತಿಂದು ಮುಗಿದರೂ ಕೋಳಿ ಎಲೆಯ ಮೇಲೆ ಉಳಿದೇ ಇರುತ್ತದೆ. ಹಾಗಾಗಿ ಒಂದೂವರೆ ಕೆಜಿಯೂ ತೂಗದ ಹಕ್ಕಿ ಎಂಟು ಜನಕ್ಕೆ ಸಾಕಾಗುತ್ತಿತ್ತು.

ಈಗ ನಾನಿರುವುದು ಮೈಸೂರಿನಲ್ಲಿ. ಇಲ್ಲಿ ಅಳತೆ ಕೆಜಿ. ಕೋಳಿ ಅಂಗಡಿಯ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಮೂರು ದರ ಬರೆದಿರುತ್ತಾರೆ: ಲೈವ್, ವಿತ್ ಸ್ಕಿನ್, ಸ್ಕಿನ್‌ಲೆಸ್. ಹೊಸದಾಗಿ ಸಂಸಾರ ಹೂಡಿದವರು ಎಡವುವುದು ಈ ಮೂರರ ನಡುವೆಯೇ. ಜೀವಂತ ತೂಗಿದ ಕೋಳಿ ಪುಕ್ಕ, ರಕ್ತ, ಕರುಳು, ತಲೆ, ಪಾದ ಎಲ್ಲ ಕಳೆದು ಕೈಗೆ ಬರುವಾಗ ಅಷ್ಟೇ ಇರುವುದಿಲ್ಲ. ಬ್ರಾಯ್ಲರ್ ಆದರೆ ಚರ್ಮ ಸಮೇತ ಹತ್ತಿರ ಹತ್ತಿರ ಶೇ. 70ರಷ್ಟು ಉಳಿಯುತ್ತದೆ, ಚರ್ಮ ಸುಲಿಸಿದರೆ ಇನ್ನೂ ಕಡಿಮೆ. ನಾಟಿಯದಾದರೆ ಮೂರರಲ್ಲಿ ಎರಡು ಪಾಲು ಎಂದು ಹಿಡಿಯುವುದು ಕ್ಷೇಮ. ಆ ಉಳಿದದ್ದರಲ್ಲೂ ಸುಮಾರು ಮೂರನೇ ಒಂದು ಪಾಲು ಮೂಳೆ. ಒಲೆಯ ಮೇಲೆ ಬೆಂದಾಗ ಮಾಂಸ ನೀರು ಬಿಟ್ಟು ಇನ್ನಷ್ಟು ಕುಗ್ಗುತ್ತದೆ. ಎರಡು ಕೆಜಿ ತೂಗಿದ ಕೋಳಿಯಿಂದ ಕೊನೆಗೆ ಬಾಯಿಗೆ ಬರುವ ಮಾಂಸ ಮುಕ್ಕಾಲು ಕೆಜಿ ಆಸುಪಾಸು. ಇದನ್ನು ಒಮ್ಮೆ ಮನಸ್ಸಿನಲ್ಲಿ ಇಟ್ಟುಕೊಂಡರೆ "ನಾಲ್ಕು ಕೆಜಿ ತಂದಿದ್ದೆವಲ್ಲ, ಎಲ್ಲಿ ಹೋಯಿತು?" ಎಂಬ ಗೊಂದಲ ಬರುವುದಿಲ್ಲ.

ನಾನು ಹೋಗುವ ಅಂಗಡಿಯವನು ಎಷ್ಟು ಕೆಜಿ ಎಂದು ಮೊದಲು ಕೇಳುವುದಿಲ್ಲ. "ಎಷ್ಟ್ ಜನ ಅಕ್ಕಾ? ಸಾರಿಗಾ, ಬಿರಿಯಾನಿಗಾ?" ಎಂದು ಕೇಳುತ್ತಾನೆ. ಸಾರಿಗೆ ಎಂದರೆ ಬೆರಳಿನ ಎರಡು ಗೆಣ್ಣಿನಷ್ಟು ಸಣ್ಣ ತುಂಡು, ಕೆಜಿಗೆ 25ರ ಮೇಲೆ. ಬಿರಿಯಾನಿಗಾದರೆ ದೊಡ್ಡದು, ಕೆಜಿಗೆ 12ರಿಂದ 14. ಅದೇ ಒಂದು ಕೆಜಿ ಕತ್ತಿಯ ಏಟಿಗೆ ತಕ್ಕಂತೆ ಹೆಚ್ಚು ಜನಕ್ಕೂ ಕಡಿಮೆ ಜನಕ್ಕೂ ಹಂಚಿಕೆಯಾಗುತ್ತದೆ. ಆಮೇಲೆ ಅವನು ಜಾಲರಿಯೊಳಗೆ ಕೈಹಾಕಿ ಒಂದು ನಾಟಿಯನ್ನು ಎರಡೂ ಕಾಲು ಕೂಡಿಸಿ ಎತ್ತಿ ತರುತ್ತಾನೆ. ನಾನು ಕೊರಳ ಬುಡದ ಚೀಲ ಮುಟ್ಟಿ ನೋಡುತ್ತೇನೆ. ಕಾಳು ತುಂಬಿ ಗಟ್ಟಿಯಾಗಿದ್ದರೆ ಆ ಕಾಳಿಗೂ ಮಾಂಸದ ಬೆಲೆ ಕೊಟ್ಟಂತೆ. ಎದೆಮೂಳೆಯ ತುದಿ ಒತ್ತುತ್ತೇನೆ. ಮೆತ್ತಗೆ ಬಾಗಿದರೆ ಎಳೆಯದು, ಕಡ್ಡಿಯಂತೆ ನಿಂತರೆ ಬಲಿತದ್ದು. ಕಾಲಿನ ಹಿಂದಿನ ಮುಳ್ಳು ಉದ್ದವಾಗಿ ಬಾಗಿದ್ದರೆ ಹುಂಜಕ್ಕೆ ವಯಸ್ಸಾಗಿದೆ. ಬಲಿತ ಹುಂಜದ ಎಸರು ಸೊಗಸು, ತುಂಡು ಮಾತ್ರ ಹಲ್ಲಿದ್ದವರಿಗೆ. ಬರುವವರಲ್ಲಿ ಅಜ್ಜ ಅಜ್ಜಿ ಇದ್ದರೆ ಎಳೆ ಹ್ಯಾಟೆಯನ್ನೇ ಆರಿಸಬೇಕು.

ನಾಟಿ ಎಂದು ತೂಗುವುದೆಲ್ಲ ಹಿತ್ತಲ ಕೋಳಿಯಾಗಿರಬೇಕೆಂದಿಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ, ಆಮೇಲೆ ಬಂದ ಸ್ವರ್ಣಧಾರ ಬಣ್ಣಬಣ್ಣದ ಗರಿಯ ತಳಿಗಳು. ಹಿತ್ತಲಲ್ಲೇ ಸಾಕಲೆಂದು ತಯಾರಾದ ಇವು ಹಳ್ಳಿಯ ಹೆಣ್ಣುಮಕ್ಕಳಿಗೆ ನಿಜಕ್ಕೂ ಆಸರೆಯಾದವು. ಮೊಟ್ಟೆಯನ್ನೂ ಹೆಚ್ಚು ಇಡುತ್ತವೆ, ತೂಕವನ್ನೂ ಬೇಗ ಪಡೆಯುತ್ತವೆ. ಲೆಕ್ಕಕ್ಕೆ ಇದು ಮುಖ್ಯ. ಗಿರಿರಾಜ ಒಂದೇ ಹಕ್ಕಿ ಮೂರು ಕೆಜಿ ತೂಗಬಲ್ಲುದು, ಅವ್ವನ ಕಾಲದ ಎರಡು ಕೋಳಿಗೆ ಅದೊಂದೇ ಸಮ. ಆದರೆ ಕಾಲು ಎರಡೇ. ಹಿತ್ತಲ ಸಾಕಣೆಯೂ ನಿಂತಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ ಕೋಳಿ ಮುಂತಾದ ಸಾಕುಹಕ್ಕಿಗಳ ಸಂಖ್ಯೆ 85 ಕೋಟಿ ದಾಟಿತ್ತು. ಅದರಲ್ಲಿ 31 ಕೋಟಿಗೂ ಹೆಚ್ಚು ಹಿತ್ತಲಲ್ಲಿ ಸಾಕಿದವು, ಅವುಗಳ ಸಂಖ್ಯೆ ಹಿಂದಿನ ಗಣತಿಗಿಂತ ತುಂಬ ಏರಿತ್ತು. ಫಾರಂಗಳು ಇಷ್ಟೊಂದು ಬೆಳೆದ ಮೇಲೂ ಹೆಂಗಸರ ಹಿತ್ತಲು ಬರಿದಾಗಿಲ್ಲ ಎಂಬುದು ನನಗೆ ಸಂತೋಷದ ಸಂಗತಿ.

ಕೋಳಿಯ ಜೊತೆ ಏನು ಉಣ್ಣುತ್ತಾರೆ ಎಂಬುದರ ಮೇಲೆಯೂ ಎಷ್ಟು ಕೋಳಿ ಎಂಬುದು ನಿಂತಿದೆ. ನಮ್ಮ ಕಡೆ ಮುದ್ದೆ. ಮಲೆನಾಡಿನಲ್ಲಿ ಅಕ್ಕಿಯ ಕಡುಬು. ಕೊಡಗಿನವರು ನೂಪುಟ್ಟನ್ನು ಕೋಳಿ ಕರಿಯಲ್ಲಿ ನೆನೆಸಿ ತಿನ್ನುತ್ತಾರೆ. ಮಂಗಳೂರಿನ ಕಡೆಯ ಕೋರಿ ರೊಟ್ಟಿಯಲ್ಲಿ ಗರಿಗರಿಯಾದ ಅಕ್ಕಿ ರೊಟ್ಟಿಯನ್ನು ಮುರಿದು ತಟ್ಟೆಗೆ ಹಾಕಿ ಮೇಲೆ ತೆಂಗಿನಹಾಲಿನ ಗಸಿ ಸುರಿಯುತ್ತಾರೆ. ಆ ರೊಟ್ಟಿ ನೋಡನೋಡುತ್ತಿದ್ದಂತೆ ಗಸಿಯನ್ನೆಲ್ಲ ಹೀರಿಬಿಡುತ್ತದೆ. ಅಲ್ಲಿ ತುಂಡಿಗಿಂತ ಗಸಿಯ ಲೆಕ್ಕವೇ ದೊಡ್ಡದು, ಕಾಯಿ ಎಷ್ಟು ಒಡೆಯಬೇಕು ಎಂಬುದನ್ನು ಮೊದಲು ಕೇಳಬೇಕು. ಉತ್ತರ ಕರ್ನಾಟಕದಲ್ಲಿ ಜವಾರಿ ಕೋಳಿಗೆ ಜೋಳದ ರೊಟ್ಟಿ. ಅಲ್ಲಿಯ ಖಾರದ ರಸ ಸ್ವಲ್ಪವೇ ಸಾಕು, ಒಂದು ರೊಟ್ಟಿ ಅದರಲ್ಲೇ ಮುಗಿಯುತ್ತದೆ. ಈ ಊಟಗಳಲ್ಲೆಲ್ಲ ಸಾರು ಕೋಳಿಯನ್ನು ಹಿಗ್ಗಿಸಿಕೊಡುತ್ತದೆ, ಒಬ್ಬರಿಗೆ ಹಸಿ ಮಾಂಸ 150ರಿಂದ 200 ಗ್ರಾಂ ಇದ್ದರೆ ತೃಪ್ತಿಯಾದ ಊಟ.

ಬಿರಿಯಾನಿಯಾದರೆ ಹಿಗ್ಗಿಸಲು ಆಗದು. ಅನ್ನ ಬಗೆದಾಗ ತುಂಡು ಸಿಗಬೇಕು, ಸಿಗದಿದ್ದರೆ ಅದು ಬಿರಿಯಾನಿಯೇ ಆಗುವುದಿಲ್ಲ. ಒಂದು ಕೆಜಿ ಅಕ್ಕಿಗೆ ಒಂದು ಕೆಜಿ ಕೋಳಿ, ಏಳೆಂಟು ಜನ ಎಂಬುದು ಎಷ್ಟೋ ಮನೆಗಳಲ್ಲಿ ನಡೆದುಬಂದ ಅಳತೆ. ಡ್ರೈ ಅಥವಾ ಫ್ರೈ ಮಾಡುವುದಿದ್ದರೆ ಎಲ್ಲಕ್ಕಿಂತ ಹೆಚ್ಚು ಕೋಳಿ ಬೇಕು, ಏಕೆಂದರೆ ಅಲ್ಲಿ ಮಾಂಸದ ಹೊರತು ಬೇರೇನೂ ಇಲ್ಲ. ಎರಡು ಬಗೆ ಮಾಡುವಾಗ ಎರಡಕ್ಕೂ ಪೂರ್ತಿ ಅಳತೆ ಹಿಡಿಯುವ ಅಗತ್ಯವಿಲ್ಲ. ಹೊಟ್ಟೆ ಒಂದೇ. ಸಾರಿಗೆ 150 ಗ್ರಾಂ, ಫ್ರೈಗೆ 150 ಗ್ರಾಂ, ಒಟ್ಟು ತಲೆಗೆ 300 ಗ್ರಾಂ ಸಾಕು. ನಾಟಿಯನ್ನು ಸಾರಿಗೆ ಇಟ್ಟು, ಫ್ರೈಗೆ ಬ್ರಾಯ್ಲರ್ ತರುವ ಪದ್ಧತಿ ಈಗ ಎಲ್ಲೆಡೆ ಬಂದಿದೆ, ಅದು ಬುದ್ಧಿವಂತಿಕೆಯ ಪದ್ಧತಿ. ನಾಟಿಯ ರುಚಿಯಿರುವುದು ಎಸರಿನಲ್ಲಿ, ಬ್ರಾಯ್ಲರಿನ ಗುಣವಿರುವುದು ಬೇಗ ಬೇಯುವ ಮೆತ್ತನೆಯ ತುಂಡಿನಲ್ಲಿ.

ಇಷ್ಟಾದರೂ ಲೆಕ್ಕ ಅರ್ಧ ಮಾತ್ರ ಆಯಿತು. ಉಳಿದರ್ಧ ಬರುವ ಜನರದ್ದು. ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆ ನಮ್ಮಲ್ಲಿದೆ. ನೆಂಟರನ್ನು ಮಾತ್ರ ಕೇಳಿಯೇ ಅರೆಯಬೇಕು. ಬರುವ ದಿನ ಯಾವುದು? ಸೋಮವಾರ ತಿನ್ನದವರಿದ್ದಾರೆ, ಶನಿವಾರ ಮುಟ್ಟದವರಿದ್ದಾರೆ. ಶ್ರಾವಣ ಇಡೀ ತಿಂಗಳು ಬಿಡುವವರಿದ್ದಾರೆ. ಆ ತಿಂಗಳು ಕೋಳಿಯ ದರ ಇಳಿಯುವುದಕ್ಕೆ ಅವರೂ ಕಾರಣ. ಶಬರಿಮಲೆಗೆ ಮಾಲೆ ಹಾಕಿದವರಿದ್ದರೆ ಮನೆಯ ಅಡುಗೆಯೇ ಬದಲಾಗಬೇಕು. ಹತ್ತು ಜನ ಎಂದರೆ ಕೋಳಿ ತಿನ್ನುವ ಹತ್ತು ಬಾಯಿ ಎಂದು ಭಾವಿಸಬಾರದು. ಆ ಹತ್ತರಲ್ಲಿ ಇಬ್ಬರು ಬೇಳೆಸಾರಿನವರಿರಬಹುದು. ಅವರಿಗೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟಿನ ಏರ್ಪಾಡು ಇರಬೇಕು. "ನಿಮಗೇನೂ ಮಾಡಿಲ್ಲವಲ್ಲ" ಎಂದು ಊಟದ ಹೊತ್ತಿನಲ್ಲಿ ಪೇಚಾಡುವುದಕ್ಕಿಂತ ಹಿಂದಿನ ದಿನ ಫೋನು ಮಾಡಿ ಕೇಳುವುದು ಮರ್ಯಾದೆ.

ಮಕ್ಕಳನ್ನು ಅರ್ಧ ಎಂದು ಲೆಕ್ಕ ಹಿಡಿಯುತ್ತಾರೆ. ಹತ್ತು ವರ್ಷದೊಳಗಿನವರಿಗೆ ಅದು ಸರಿ. ಹದಿನಾರು ದಾಟಿದ ಹುಡುಗರು ದೊಡ್ಡವರ ಒಂದೂವರೆ. ಅಳಿಯ ಹೊಸಬನಾಗಿದ್ದರೆ ಅವನ ಎಲೆಗೆ ಎರಡು ಸಲ ಬಡಿಸುವಷ್ಟು ಇರಬೇಕು. ಅವನು ಸಂಕೋಚದಿಂದ ಬೇಡ ಎನ್ನುತ್ತಾನೆ, ಅತ್ತೆ ಬಿಡುವುದಿಲ್ಲ. ಕಾರಿನಲ್ಲಿ ಬರುವವರಿದ್ದರೆ ಅದನ್ನು ಓಡಿಸಿಕೊಂಡು ಬರುವ ಡ್ರೈವರನ್ನು ಎಣಿಸಬೇಕು. ಬಹಳ ಮನೆಗಳ ಲೆಕ್ಕದಲ್ಲಿ ಈ ಮನುಷ್ಯ ಇರುವುದಿಲ್ಲ. ಮುಂಜಾನೆ ಊರು ಬಿಟ್ಟು ನೂರಾರು ಕಿಲೋಮೀಟರು ಬಂದವನು ಜಗುಲಿಯ ಮೇಲೆ ಕೂತು ಮಿಕ್ಕದ್ದನ್ನು ಉಣ್ಣುವಂತಾಗಬಾರದು. ಅವನಿಗೂ ಎಲೆ, ಅವನಿಗೂ ಅದೇ ತುಂಡು. ಜೊತೆಗೆ ಕರೆಯದೆಯೂ ಬರಬಹುದಾದ ಒಬ್ಬರನ್ನು ಸೇರಿಸಿಕೊಳ್ಳಬೇಕು. ಕೋಳಿಸಾರಿನ ಒಗ್ಗರಣೆಯ ಹೊತ್ತಿಗೆ ಪಕ್ಕದ ಬೀದಿಯ ಚಿಕ್ಕಪ್ಪ "ಏನ್ ಮಾಡ್ತಿದ್ದೀರಿ" ಎಂದು ಇಣುಕಿದರೆ ಅವರನ್ನು ಕೂರಿಸಿ ಉಣ್ಣಿಸುವ ಧೈರ್ಯ ಪಾತ್ರೆಯಲ್ಲಿರಬೇಕು.

ಒಂದು ಸಲದ ಲೆಕ್ಕವನ್ನು ಪೂರ್ತಿ ಬಿಡಿಸಿ ತೋರಿಸುತ್ತೇನೆ. ಮನೆಯವರು, ಬರುವವರು, ಡ್ರೈವರ್ ಸೇರಿ ದೊಡ್ಡವರು 12. ಚಿಕ್ಕ ಮಕ್ಕಳು 4, ಅಂದರೆ 2. ಕರೆಯದೆ ಬರುವವರಿಗೆ 1. ಒಟ್ಟು 15. ಊಟ ಮುದ್ದೆ, ನಾಟಿ ಕೋಳಿ ಸಾರು, ಅನ್ನ. ತಲೆಗೆ 200 ಗ್ರಾಂ ಹಿಡಿದರೆ 3 ಕೆಜಿ ಹಸಿ ಮಾಂಸ. ನಾಟಿಯಲ್ಲಿ ಉಳಿಯುವುದು ಮೂರರಲ್ಲಿ ಎರಡು ಪಾಲಾದ್ದರಿಂದ ಜೀವಂತ ತೂಕ ನಾಲ್ಕೂವರೆ ಕೆಜಿ. ಇದನ್ನು ಎರಡು ದೊಡ್ಡ ಹುಂಜದಲ್ಲಿ ಮುಗಿಸಬಹುದು, ಆಗ ತುಂಡು ಗಟ್ಟಿ, ಕಾಲು ನಾಲ್ಕೇ. ಒಂದು ಕೆಜಿಯ ನಾಲ್ಕೈದು ಪುಟ್ಟ ಕೋಳಿ ತರಬಹುದು, ಆಗ ಮೂಳೆ ಹೆಚ್ಚು, ಸುಟ್ಟು ಶುಚಿ ಮಾಡುವ ಕೆಲಸ ಹೆಚ್ಚು. ಒಂದೂವರೆ ಕೆಜಿಯ ಮೂರು ಕೋಳಿ ತಂದರೆ ಎಲ್ಲ ಸರಿಹೋಗುತ್ತದೆ. ಆರು ಕಾಲು: ನಾಲ್ಕು ಮಕ್ಕಳಿಗೆ ನಾಲ್ಕು, ಮನೆಯ ಹಿರಿಯರಿಗೆ ಒಂದು, ಬಂದವರಲ್ಲಿ ಹಿರಿಯರಿಗೆ ಒಂದು. ಮಕ್ಕಳು ಪರಸ್ಪರರ ತಟ್ಟೆ ನೋಡಿ ಅಳುವುದಿಲ್ಲ.

ಬೀಗರ ಊಟದಂಥ ದೊಡ್ಡ ಬಾಡೂಟಕ್ಕೆ ಬಂದರೆ ಅಳತೆಯ ಭಾಷೆ ಮತ್ತೆ ಬದಲಾಗುತ್ತದೆ. ಅಡುಗೆಯವರು ಬಂದು ಕೂತ ಕೂಡಲೇ ಕೇಳುವುದು "ಎಷ್ಟ್ ಎಲೆ ಬೀಳ್ತವೆ?" ಎಂದು. ನೂರು ಎಲೆಗೆ 20 ಕೆಜಿ ಕೋಳಿ ಎಂದು ಅವರು ಕಣ್ಣುಮುಚ್ಚಿ ಹೇಳುತ್ತಾರೆ. ಮಟನ್ ಸಾರೂ ಇದ್ದರೆ ಕೋಳಿಯನ್ನು ಕಡಿಮೆ ಮಾಡುತ್ತಾರೆ. ಯುಗಾದಿಯ ಮಾರನೆಯ ಹೊಸತೊಡಕಿನ ದಿನ ಇನ್ನೊಂದು ಬಗೆಯ ಮುಂದಾಲೋಚನೆ ಬೇಕು. ಹಳೇ ಮೈಸೂರಿನ ಊರುಗಳಲ್ಲಿ ಅಂದು ಬೆಳಕು ಹರಿಯುವ ಮೊದಲೇ ಮಾಂಸದಂಗಡಿಗಳ ಮುಂದೆ ಸಾಲು ನಿಂತಿರುತ್ತದೆ. ತಡವಾಗಿ ಹೋದವರಿಗೆ ಮಧ್ಯಮ ತೂಕದ ಕೋಳಿ ಸಿಗುವುದಿಲ್ಲ, ಮಿಕ್ಕ ಬಲಿತ ಹುಂಜವೇ ಗತಿ. ಹಿಂದಿನ ದಿನವೇ ಹೇಳಿಟ್ಟು ಗುರುತು ಮಾಡಿಸಿಕೊಂಡು ಬರುವುದು ಒಳ್ಳೆಯದು.

ಮಿಕ್ಕರೆ ಏನು ಮಾಡುವುದು ಎಂಬ ಹೆದರಿಕೆಯಿಂದಲೇ ಕೆಲವರು ಕಡಿಮೆ ತರುತ್ತಾರೆ. ಕೋಳಿಸಾರು ಮಿಗುವುದು ನಷ್ಟವೇ ಅಲ್ಲ. ಮಾರನೆಯ ಬೆಳಿಗ್ಗೆ ಆ ಸಾರಿಗೆ ಇಡ್ಲಿಯೋ ದೋಸೆಯೋ ಜೊತೆಯಾದರೆ ಹಿಂದಿನ ದಿನದ ಊಟವನ್ನೇ ಮರೆಸುತ್ತದೆ. ರಾತ್ರಿಯಿಡೀ ಮಸಾಲೆಯಲ್ಲಿ ನೆನೆದ ತುಂಡಿಗೆ ಹದ ಹತ್ತಿರುತ್ತದೆ. ಆದರೆ ಇಡುವ ಕ್ರಮ ಗೊತ್ತಿರಬೇಕು. ಬೆಂದ ಮಾಂಸ 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ಹೊತ್ತುಗಟ್ಟಲೆ ನಿಂತರೆ ರೋಗಾಣುಗಳು ಬೇಗ ಹೆಚ್ಚುತ್ತವೆ. ಊಟ ಮುಗಿದು ಮಾತಿಗೆ ಕೂತವರು ಸಂಜೆಯವರೆಗೆ ಪಾತ್ರೆಯನ್ನು ಒಲೆಯ ಮೇಲೆ ಮರೆಯುವುದೇ ಅಪಾಯ. ಎರಡು ಗಂಟೆಯೊಳಗೆ ಅಗಲವಾದ ಪಾತ್ರೆಗೆ ಬಗ್ಗಿಸಿ, ಆರಿಸಿ, ಫ್ರಿಜ್ಜಿಗೆ ಸೇರಿಸಬೇಕು. ಮಾರನೆಯ ದಿನ ಬೇಕಾದಷ್ಟನ್ನೇ ತೆಗೆದು ಕೊತಕೊತ ಕುದಿಸಬೇಕು. ಹೊರಡುವ ನೆಂಟರಿಗೆ ಡಬ್ಬಿಯಲ್ಲಿ ಕಟ್ಟಿಕೊಡಲೂ ಬಹುದು, ಊರು ಹತ್ತಿರವಿದ್ದರೆ ಮಾತ್ರ. ಕಡಿಮೆಯಾದದ್ದಕ್ಕೆ ಇಂಥ ಪರಿಹಾರಗಳಿಲ್ಲ.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನಾವು ಈ ಲೆಕ್ಕವನ್ನು ಮೊದಲ ಪಂಕ್ತಿಯಿಂದ ಶುರುಮಾಡುತ್ತೇವೆ. ಬಂದ ಗಂಡಸರು, ಹಿರಿಯರು, ಮಕ್ಕಳು. ಅವರಿಗೆ ಸಾಕಾದರೆ ಸಾಕಾಯಿತು ಎಂದುಕೊಳ್ಳುತ್ತೇವೆ. ಕೊನೆಯ ಪಂಕ್ತಿಯಲ್ಲಿ ಕೂರುವವರು ಬೆಳಗಿನಿಂದ ಒಲೆ ಮುಂದೆ ನಿಂತವರು. ಅವರ ತಟ್ಟೆಗೆ ಕತ್ತು, ಬೆನ್ನು, ತಳದ ಎಸರು. ಯಾರೂ ಬೇಕೆಂದು ಹೀಗೆ ಮಾಡುವುದಿಲ್ಲ. ಬಡಿಸುತ್ತ ಬಡಿಸುತ್ತ ಹೀಗಾಗುತ್ತದೆ, ಆಗುತ್ತಲೇ ಬಂದು ರೂಢಿಯಾಗಿದೆ. "ನಮಗೇನು, ಎಸರಿದ್ದರೆ ಸಾಕು" ಎಂದು ಅವರೇ ಹೇಳುತ್ತಾರೆ, ಕೇಳಿದವರು ಅದನ್ನು ನಂಬಿಬಿಡುತ್ತಾರೆ. ಹಾಗಿರುವಾಗ ಕೋಳಿಯನ್ನು ಆರಿಸಿದವಳು, ಸುಟ್ಟು ಅರಿಶಿನ ಹಚ್ಚಿ ತೊಳೆದವಳು, ಮಸಾಲೆ ಅರೆದವಳು, ಹದ ನೋಡಿದವಳು ಆ ಅಡುಗೆಯನ್ನು ಪೂರ್ತಿ ಉಂಡಿರುವುದೇ ಇಲ್ಲ.

ನನ್ನ ಸೋದರತ್ತೆಯೊಬ್ಬರಿದ್ದರು. ಅವರ ಮನೆಯಲ್ಲಿ ಈ ರೂಢಿ ನಡೆಯುತ್ತಿರಲಿಲ್ಲ. ಸಾರು ಇಳಿಸಿದ ಕೂಡಲೇ, ಒಬ್ಬರಿಗೂ ಎಲೆ ಹಾಕುವ ಮೊದಲು, ಅವರು ಅಗಲ ಬಾಯಿಯ ಒಂದು ಪಾತ್ರೆ ತೆಗೆದುಕೊಳ್ಳುತ್ತಿದ್ದರು. ಸೌಟನ್ನು ತಳದವರೆಗೆ ಇಳಿಸಿ ನಿಧಾನಕ್ಕೆ ಮೇಲೆತ್ತುವುದು, ಬಂದ ತುಂಡುಗಳನ್ನು ನೋಡುವುದು, ಒಂದು ತೊಡೆ, ಎರಡು ಎದೆಯ ತುಂಡು, ಒಂದು ರೆಕ್ಕೆ ಎಂದು ಎಣಿಸುತ್ತ ಆ ಪಾತ್ರೆಗೆ ಹಾಕುವುದು. ಹ್ಯಾಟೆಯಾಗಿದ್ದರೆ ಅದರ ಹೊಟ್ಟೆಯೊಳಗಿನ ಎಳೆಮೊಟ್ಟೆಗಳಲ್ಲೂ ಎರಡು. ಅಡುಗೆಮನೆಯಲ್ಲಿ ಕೆಲಸ ಮಾಡಿದ ಹೆಂಗಸರು ಎಷ್ಟು ಮಂದಿಯೋ ಅಷ್ಟು ಜನಕ್ಕೆ, ಕಾಯಿ ತುರಿಯಲು ಬಂದ ಪಕ್ಕದ ಮನೆಯವಳೂ ಸೇರಿ. ಮೇಲೆ ತಟ್ಟೆ ಮುಚ್ಚಿ ಒಲೆಯ ಪಕ್ಕದ ಬೆಚ್ಚಗಿನ ಜಾಗದಲ್ಲಿ ಇಟ್ಟು "ಈಗ ಎಲೆ ಹಾಕ್ರಿ" ಎನ್ನುತ್ತಿದ್ದರು. ಮಾವ ಒಮ್ಮೆ "ನೆಂಟ್ರಿಗಿಂತ ಮೊದ್ಲೇ ತೆಗೆದಿಟ್ಕೊಂಡ್ಯಾ?" ಎಂದದ್ದಕ್ಕೆ ಅವರು ಕೊಟ್ಟ ಉತ್ತರ ನನಗೆ ನೆನಪಿದೆ: "ಉಣ್ಣೋರ್ ಲೆಕ್ಕ ನೀವ್ ಹೇಳಿದ್ರಿ. ಮಾಡೋರ್ ಲೆಕ್ಕ ನಾನ್ ಹಾಕ್ದೆ."

ಅವರ ಮನೆಯಲ್ಲಿ ನೆಂಟರಿಗೆ ಎಂದೂ ಕಡಿಮೆಯಾದದ್ದನ್ನು ನಾನು ಕಾಣೆ. ಮೊದಲೇ ಆ ಪಾಲನ್ನು ಎಣಿಸಿ ಕೋಳಿ ತರಿಸುತ್ತಿದ್ದರಿಂದ ಕಡಿಮೆಯಾಗುವ ಪ್ರಶ್ನೆಯೇ ಬರುತ್ತಿರಲಿಲ್ಲ. ಇನ್ನೂ ಒಂದು ಗುಣ ಅದರಿಂದ ಬರುತ್ತಿತ್ತು. ತಮ್ಮ ಪಾಲು ಭದ್ರವಾಗಿದೆ ಎಂದು ಗೊತ್ತಿದ್ದ ಹೆಂಗಸರ ಕೈ ಬಡಿಸುವಾಗ ಧಾರಾಳವಾಗಿ ಓಡಾಡುತ್ತಿತ್ತು. ಪಾತ್ರೆಯೊಳಗೆ ಎಷ್ಟಿದೆ ಎಂದು ಸೌಟಿನಿಂದ ತಡವಿ ತಡವಿ ನೋಡುವ ಅಳುಕು ಇರಲಿಲ್ಲ. ಬಡಿಸುವವರ ಕೈ ತಡೆದರೆ ಉಣ್ಣುವವರಿಗೆ ಗೊತ್ತಾಗುತ್ತದೆ. ಸಾಕು ಎನ್ನಿಸದಿದ್ದರೂ ಸಾಕು ಎನ್ನುತ್ತಾರೆ. ಹಾಗೆ ಎದ್ದವರು ಅರೆಹೊಟ್ಟೆಯಲ್ಲಿ ಎದ್ದರೆಂದೇ ಅರ್ಥ. ಅಡುಗೆ ಮಾಡಿದವರ ಪಾಲನ್ನು ಕಾಯ್ದರೆ ನೆಂಟರ ಮರ್ಯಾದೆಯೂ ಉಳಿಯುತ್ತದೆ ಎಂಬುದನ್ನು ನಾನು ಆ ಒಲೆಯ ಮುಂದೆ ಕಲಿತೆ.

ಹೊಸದಾಗಿ ಮನೆ ಹೂಡಿದ ತಂಗಿಯರು, ತಮ್ಮಂದಿರು ಎಷ್ಟು ಕೋಳಿ ತರಬೇಕು ಎಂದು ನನ್ನನ್ನು ಕೇಳಿದರೆ ನಾನು ಹೇಳುವ ಲೆಕ್ಕ ಇಷ್ಟು. ಅಡುಗೆ ಮಾಡುವವರನ್ನು ಮೊದಲು ಎಣಿಸಿ, ಆಮೇಲೆ ನೆಂಟರನ್ನು, ಡ್ರೈವರನ್ನು, ಕರೆಯದೆ ಬರುವ ಒಬ್ಬರನ್ನು. ಮಕ್ಕಳನ್ನು ಅರ್ಧ ಮಾಡಿ, ಹದಿಹರೆಯದ ಹುಡುಗರನ್ನು ಮಾಡಬೇಡಿ. ಸಾರಿಗೆ ತಲೆಗೆ 200 ಗ್ರಾಂ, ಎರಡು ಬಗೆ ಇದ್ದರೆ 300. ಅದನ್ನು ಒಂದೂವರೆಯಿಂದ ಗುಣಿಸಿದರೆ ನಾಟಿ ಕೋಳಿಯ ಜೀವಂತ ತೂಕ ಬರುತ್ತದೆ. ಆ ತೂಕವನ್ನು ಮಧ್ಯಮ ಗಾತ್ರದ ಹಕ್ಕಿಗಳಲ್ಲಿ ತನ್ನಿ, ಕಾಲು ಎಷ್ಟು ಬರುತ್ತವೆ ಎಂದು ನೋಡಿಕೊಳ್ಳಿ. ಎರಡೋ ಮೂರೋ ಎಂಬ ಅನುಮಾನ ಬಂದರೆ ಮೂರು ತನ್ನಿ, ಫ್ರಿಜ್ಜು ಇದೆ, ನಾಳೆಯ ಇಡ್ಲಿಯಿದೆ. ಬಡಿಸುವ ಮುನ್ನ ಅಡುಗೆಮನೆಯವರ ಪಾಲನ್ನು ತೆಗೆದಿಟ್ಟು ಮುಚ್ಚಿ. ಮೊದಲ ಎಲೆಗೆ ಬಿದ್ದಂಥ ತುಂಡೇ ಕೊನೆಯ ಎಲೆಗೂ ಬಿದ್ದರೆ ಆ ಮನೆಯವರಿಗೆ ಲೆಕ್ಕ ಬರುತ್ತದೆ ಎಂದು ಅರ್ಥ.